ಆಳಿದವರು ಬಿಟ್ಟುಹೋದ ಕಡತ

ಚೋಳರ ಸಿನಿಮಾ ಬಂದಾಗಿನಿಂದ ಕೋಲಾರದ ಕಡೆ ಒಂದು ಮಾತು ಚಲಾವಣೆಯಲ್ಲಿದೆ: ಅವರು ಬಂದಿದ್ದರಿಂದಲೇ ನಮ್ಮ ಸೀಮೆಗೆ ಗುಡಿ, ಶಾಸನ, ಸಂಸ್ಕೃತಿ ಎಲ್ಲ ಬಂತಂತೆ. ಅರೆಬೆಂದ ಮಾತಿದು. ರಾಜಧಾನಿ ತಲಕಾಡಿಗೆ ಹೋದ ಮೇಲೂ ಕುವಲಾಲದ (ಕೋಲಾರದ ಹಳೆಯ ಹೆಸರು) ಒಡೆಯರೆಂಬ ಬಿರುದು ಬಿಡದ ಗಂಗರು ಚೋಳರಿಗಿಂತ ಆರು ಶತಮಾನ ಮೊದಲೇ ಇಲ್ಲಿದ್ದವರು. ಚೋಳರು ಬರೀ ಲೂಟಿ ಹೊಡೆದು ಹೋದರು ಎನ್ನುವವರ ಜತೆ ವಾದಕ್ಕೆ ಕೂರುವ ತಾಳ್ಮೆಯೂ ನನಗಿಲ್ಲ. ಅವರು ಕೋಲಾರಮ್ಮನ ಗುಡಿಗೆ ಒಮ್ಮೆ ಹೋಗಿಬರಲಿ.

ಸುಮಾರು 1004ರಲ್ಲಿ ಗಂಗವಾಡಿ ಚೋಳರ ಕೈಸೇರಿತು. ಕೋಲಾರದ ಸೀಮೆಗೆ ನಿಗರಿಲಿಚೋಳಮಂಡಲವೆಂಬ ಹೆಸರು ಬಿತ್ತು. ಈ ಗುಡಿಯ ಕಲ್ಲುಗಳ ಮೇಲೆ ತಮಿಳು ಅಕ್ಷರ ಸಾಲುಗಟ್ಟಿದೆ. ಚೋಳ ಚಕ್ರವರ್ತಿ ರಾಜೇಂದ್ರನ ಕಾಲದಲ್ಲಿ ಇಟ್ಟಿಗೆಯ ಕಟ್ಟಡ ಕಲ್ಲಿನದಾದ ಸಂಗತಿಯೂ ಅದರಲ್ಲಿದೆ. ದೇವಿ ಮಾತ್ರ ಊರಿನವಳೇ. ಪಕ್ಕದಲ್ಲೇ ಚೇಳಮ್ಮ. ಚೇಳು ಕುಟುಕದಿರಲಿ ಎಂದು ಕೈಮುಗಿದು ಜನ ಇವತ್ತಿಗೂ ನೆಲದೊಳಗಿನ ಹುಂಡಿಗೆ ಕಾಸು ಹಾಕುತ್ತಾರೆ. ಚಕ್ರವರ್ತಿ ಊರಿನ ಈ ದೇವಿಯನ್ನು ಎಬ್ಬಿಸಲಿಲ್ಲ, ದತ್ತಿ ಬಿಟ್ಟು ತನ್ನ ಲೆಕ್ಕಕ್ಕೆ ಸೇರಿಸಿಕೊಂಡ. ಬ್ರಿಟನ್ನಿನ ಬಾತ್ ಊರಿನ ಬಿಸಿನೀರ ಬುಗ್ಗೆಯಲ್ಲಿ ರೋಮನ್ನರು ಮಾಡಿದ್ದೂ ಅದನ್ನೇ: ಅಲ್ಲಿನ ಸೂಲಿಸ್ ದೇವಿಯನ್ನು ತಮ್ಮ ಮಿನರ್ವಳ ಜೊತೆ ಸೇರಿಸಿ ಗುಡಿ ಕಟ್ಟಿದರು. ಗೆದ್ದವರು ಸೋತವರನ್ನು ಬದಲಿಸುವುದು ಹೆಚ್ಚಾಗಿ ಹೀಗೇ. ದಂಡು ಬಂದು ಹೋಗುತ್ತದೆ. ದಾನ, ತೆರಿಗೆ, ಜಮೀನು ಯಾವ ಭಾಷೆಯಲ್ಲಿ ದಾಖಲಾಗುತ್ತವೋ ಅದು ನಿಲ್ಲುತ್ತದೆ.

ಇದಕ್ಕೊಂದು ಗಟ್ಟಿ ಆಕ್ಷೇಪಣೆಯಿದೆ. ದಂಡಿನ ಹಿಂದೆ ತಮಿಳು ಕುಟುಂಬಗಳೂ ಬಂದು ನೆಲೆಸಿದವು, ಭಾಷೆ ಉಳಿದದ್ದು ಅವರಿಂದ, ಕಡತದಿಂದಲ್ಲ ಎನ್ನುತ್ತಾರೆ. ನಿಜವಿದೆ. ಆದರೂ 1116ರ ಸುಮಾರಿಗೆ ಹೊಯ್ಸಳ ದೊರೆ ವಿಷ್ಣುವರ್ಧನ ತಲಕಾಡು ಗೆದ್ದು ಚೋಳರನ್ನು ಅಟ್ಟಿದ ಮೇಲೆ ಹೊಯ್ಸಳರ ಕಾಲದ ಎಷ್ಟೋ ದಾನಶಾಸನಗಳು ಈ ಸೀಮೆಯಲ್ಲಿ ತಮಿಳಲ್ಲೇ ಬಿದ್ದಿವೆ. ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲಿ ಅಚ್ಚು ಹಾಕಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟ ತಿರುವಿದರೆ ಸಾಕು. ಮನೆಯೊಳಗೆ ಯಾರು ಏನೇ ಮಾತಾಡಲಿ, ಕನ್ನಡದ ದೊರೆಗೂ ಬರೆಯುವವರ ರೂಢಿ ಮುರಿಯುವ ಅವಸರ ಇರಲಿಲ್ಲ. ನಿಗರಿಲಿಚೋಳಮಂಡಲ ಎಂಬ ಹೆಸರೋ, ಇವತ್ತು ಯಾವ ಬಸ್ ಕಂಡಕ್ಟರನ ಬಾಯಲ್ಲೂ ಇಲ್ಲ.

ಶಾಸನ ನಮಗೆ ಒಂದು ಮೋಸವನ್ನೂ ಮಾಡುತ್ತದೆ. ಕೊಟ್ಟವರು, ಪಡೆದವರು ಮಾತ್ರ ಅದರಲ್ಲಿ ಕಾಣುತ್ತಾರೆ. ಆ ದತ್ತಿಗೆ ಬೆಳೆದುಕೊಟ್ಟ ಒಕ್ಕಲಿಗೆ ಅಲ್ಲಿ ಬಾಯಿಲ್ಲ. ಆದ್ದರಿಂದ 'ಚೋಳರ ಕಾಲದಲ್ಲಿ ಕೋಲಾರದ ಜನ ತಮಿಳರಾದರು' ಎಂದು ಬರೆಯುವವರು ಕಡತವನ್ನೇ ಜನವೆಂದು ತಿಳಿದಿದ್ದಾರೆ. ಮುಳಬಾಗಿಲು, ಶ್ರೀನಿವಾಸಪುರದ ರೈತ ಮಂಡಿಯಲ್ಲಿ ತೆಲುಗಿನಲ್ಲಿ ಚೌಕಾಸಿ ಮಾಡಿ, ಮಧ್ಯಾಹ್ನ ತಾಲ್ಲೂಕು ಕಚೇರಿಗೆ ಬಂದು ಕನ್ನಡದಲ್ಲಿ ಅರ್ಜಿ ಬರೆಸುತ್ತಾನೆ. ಬರೀ ಆ ಅರ್ಜಿ ನೋಡಿ ಅವನ ಮನೆಮಾತು ಕನ್ನಡವೇ ಎಂದು ನಾವು ತೀರ್ಮಾನಿಸುವುದಿಲ್ಲವಲ್ಲ.