ಬರೆದು ಬಾಳುವ ಬಗೆ

ಕಳೆದ ತಿಂಗಳು ನಮ್ಮ ಬಹುಕಾಲದ ಸ್ನೇಹಿತರೊಬ್ಬರು ಮಗಳೊಡನೆ ನಮ್ಮ ಮನೆಗೆ ಬಂದಿದ್ದರು. ಅವರದು ಕಾಳುಕಡಿಯ ವ್ಯಾಪಾರ. ಮಗಳು ಕನ್ನಡ ಎಂ.ಎ. ಮುಗಿಸಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಳೆ. ನಾಲ್ಕು ವರ್ಷಗಳಿಂದ ಆಕೆ ಅಂತರ್ಜಾಲದಲ್ಲಿ ವಾರಕ್ಕೊಂದು ಲೇಖನ ಬರೆಯುತ್ತ ಬಂದಿದ್ದಾಳೆ. ಜೋಳ, ನವಣೆ, ಸಜ್ಜೆಗಳ ಬೇಸಾಯ, ಅವುಗಳ ಅಡುಗೆ, ಅವನ್ನು ಕುರಿತ ಹಾಡು-ಗಾದೆಗಳು ಆಕೆಯ ವಿಷಯ. ಈಗ ಕೆಲಸವನ್ನು ಬಿಟ್ಟು ಬರವಣಿಗೆಯಿಂದಲೇ ಜೀವಿಸಬೇಕೆಂಬುದು ಆಕೆಯ ಹಟ. "ಶಾಸ್ತ್ರಿಗಳೇ, ಬರೆದು ಯಾರಾದರೂ ಹೊಟ್ಟೆ ಹೊರೆದುಕೊಂಡದ್ದುಂಟೆ? ನೀವಾದರೂ ಈಕೆಗೆ ಬುದ್ಧಿ ಹೇಳಿರಿ" ಎಂದರು ತಂದೆ.

ಬುದ್ಧಿ ಹೇಳಲು ನಮಗೂ ಮನಸ್ಸಿತ್ತು. ಮಠದ ಉಚಿತ ಪ್ರಸಾದ ನಿಲಯದಲ್ಲಿದ್ದು ಓದಿದವರು ನಾವು. ಅಲ್ಲಿ ಅನ್ನಕ್ಕೂ ಬೆಲೆ ಕೇಳಲಿಲ್ಲ, ವಿದ್ಯೆಗೂ ಬೆಲೆ ಕೇಳಲಿಲ್ಲ. ಅಕ್ಷರಕ್ಕೆ ಹಣ ಕೇಳುವುದು ತಕ್ಕುದಲ್ಲವೆಂಬ ಭಾವನೆ ನಮ್ಮಲ್ಲಿ ಅಂದಿನಿಂದಲೂ ಬೇರೂರಿದೆ. ಆ ಮಾತನ್ನೇ ಹೇಳಿದೆವು. ಹುಡುಗಿ ವಿನಯದಿಂದಲೇ ಕೇಳಿದಳು: "ಕಾಕಾ, ನೀವು ಮೂವತ್ತು ವರ್ಷ ಪತ್ರಿಕೆಗಳಿಗೆ ಉಚಿತವಾಗಿ ಬರೆದಿರಿ. ಆಗ ಮನೆಯ ಖರ್ಚು ಹೇಗೆ ನಡೆಯುತ್ತಿತ್ತು?"

ನಾವು ನಿರುತ್ತರರಾದೆವು. ನಾವು ಪ್ರೌಢಶಾಲೆಯ ಅಧ್ಯಾಪಕರಾಗಿದ್ದವರು. ತಿಂಗಳು ತುಂಬಿದೊಡನೆ ಸಂಬಳ ಬರುತ್ತಿತ್ತು. ನಮ್ಮ ಔದಾರ್ಯಕ್ಕೆ ಆ ಸಂಬಳವೇ ಆಧಾರವಾಗಿತ್ತು. ಆಕೆಯ ಗೌರವಧನವಾದರೋ ಒಮ್ಮೊಮ್ಮೆ ಮೂರು ತಿಂಗಳಾದರೂ ಕೈಸೇರುವುದಿಲ್ಲ. ಸಂಬಳ ಪಡೆದವನು ಸಂಬಳವಿಲ್ಲದವಳಿಗೆ ನಿಸ್ಪೃಹತೆಯನ್ನು ಉಪದೇಶಿಸುವುದು ನ್ಯಾಯವಲ್ಲವೆಂದು ನಮಗೆ ಅಂದು ಮನವರಿಕೆಯಾಯಿತು.

ಇನ್ನು ತಂದೆಯ ಪ್ರಶ್ನೆ. ಬರೆದು ಬಾಳಲು ಹೊರಟವರು ನಮ್ಮ ನಾಡಿನಲ್ಲಿ ಇಲ್ಲದಿಲ್ಲ. ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869-1942) ಮರಾಠಿಯ ಪ್ರಾಬಲ್ಯವಿದ್ದ ಕಾಲದಲ್ಲಿ ಕನ್ನಡದಲ್ಲಿ ಕಾದಂಬರಿಗಳನ್ನು ಬರೆದರು; ಅಷ್ಟೇ ಅಲ್ಲ, ಪುಸ್ತಕಗಳ ಹೊರೆಯನ್ನು ಹೊತ್ತು ಊರೂರು ತಿರುಗಿ ತಾವೇ ಮಾರಿದರು. ಅವರು ಶ್ರೀಮಂತರಾಗಲಿಲ್ಲ. ಆದರೆ ಕನ್ನಡಕ್ಕೆ ಓದುಗರನ್ನು ಒಬ್ಬೊಬ್ಬರನ್ನಾಗಿ ದೊರಕಿಸಿದರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯೂ ಚಂದಾದಾರರನ್ನು ನಂಬಿಯೇ ನಡೆಯಿತು. ಓದುಗನು ಚಂದಾ ಕೊಡಬೇಕು, ಪುಸ್ತಕ ಅವನ ಮನೆಗೆ ಬರಬೇಕು. ಇದೇ ಅದರ ಕ್ರಮ.

ಇಂದಿನ ಅಂತರ್ಜಾಲದಲ್ಲಿ ನಡೆಯುತ್ತಿರುವುದೂ ಬಹುಮಟ್ಟಿಗೆ ಇದೇ. ಕನ್ನಡದ ಮೊದಲ ಅಂತರ್ಜಾಲ ಪತ್ರಿಕೆಯಾದ 'ವಿಶ್ವಕನ್ನಡ'ವನ್ನು ಡಾ. ಯು.ಬಿ. ಪವನಜ ಅವರು 1996ರಲ್ಲಿ ಆರಂಭಿಸಿದಾಗ ಇದರಿಂದ ಜೀವನ ನಡೆದೀತೆಂದು ಯಾರೂ ಎಣಿಸಿರಲಿಕ್ಕಿಲ್ಲ. ಆಮೇಲೆ ದಾರಿಗಳು ತೆರೆದವು. ಲೇಖನದ ಪಕ್ಕದಲ್ಲಿ ಜಾಹೀರಾತು ಹಾಕಿ ಹಣ ಪಡೆಯುವುದು ಒಂದು ದಾರಿ. ಲಕ್ಷಗಟ್ಟಲೆ ಓದುಗರಿಲ್ಲದವರಿಗೆ ಅದರಿಂದ ಬರುವುದು ಅತ್ಯಲ್ಪ. ಬೆಂಗಳೂರಿನಲ್ಲಿ 2014ರಲ್ಲಿ ಆರಂಭವಾದ 'ಪ್ರತಿಲಿಪಿ'ಯಂಥ ತಾಣಗಳಲ್ಲಿ ಧಾರಾವಾಹಿ ಕತೆಗಳನ್ನು ಬರೆಯುವುದು ಇನ್ನೊಂದು ದಾರಿ. ಓದುಗರಿಂದ ನೇರವಾಗಿ ಚಂದಾ ಪಡೆದು ಲೇಖನವನ್ನು ಇ-ಮೇಲ್ ಮೂಲಕ ಕಳುಹಿಸುವುದು ಮೂರನೆಯದು. ಅಮೆರಿಕದಲ್ಲಿ 2017ರಲ್ಲಿ ಆರಂಭವಾದ 'ಸಬ್‌ಸ್ಟ್ಯಾಕ್' ಸಂಸ್ಥೆ ಇದಕ್ಕೆ ಅನುಕೂಲ ಕಲ್ಪಿಸಿ ಚಂದಾ ಹಣದಲ್ಲಿ ನೂರಕ್ಕೆ ಹತ್ತರಷ್ಟನ್ನು ಇಟ್ಟುಕೊಳ್ಳುತ್ತದೆ. ಅಲ್ಲಿ ಮೊಟ್ಟಮೊದಲು ಚಂದಾ ಕೇಳಿದ ಬಿಲ್ ಬಿಷಪ್ ಎಂಬವರು ಚೀನಾ ದೇಶದ ವಿದ್ಯಮಾನಗಳನ್ನು ಕುರಿತು ಅದಕ್ಕೆ ಮುಂಚೆ ಅನೇಕ ವರ್ಷ ಉಚಿತವಾಗಿ ಬರೆದು ಕಳುಹಿಸುತ್ತಿದ್ದರು. ಅವರು ಬೆಲೆ ಕೇಳಿದ ದಿನ ಓದುಗರು ಮೊದಲೇ ನೆರೆದಿದ್ದರೆಂಬುದನ್ನು ನಾವು ಗಮನಿಸಬೇಕು.

ಈ ವಿಷಯವನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಗಿಯನ್ನು ಕೇಳಿದೆವು: "ನಿನಗೆ ಓದುಗರು ಎಷ್ಟು ಜನರಿದ್ದಾರವ್ವಾ?"

"ಫೇಸ್‌ಬುಕ್ಕಿನಲ್ಲಿ ಒಂಬತ್ತು ಸಾವಿರ ಜನ, ಕಾಕಾ."

"ಅವರಲ್ಲಿ ಎಷ್ಟು ಜನರ ವಿಳಾಸ ನಿನ್ನ ಬಳಿ ಇದೆ?"

ಆಕೆ ಸ್ವಲ್ಪ ಹೊತ್ತು ಯೋಚಿಸಿ, "ಇನ್ನೂರು ಜನರ ಇ-ಮೇಲ್ ಇರಬಹುದು" ಎಂದಳು.

ನಮ್ಮ ವಾಚಕರು ಈ ಅಂತರವನ್ನು ಚೆನ್ನಾಗಿ ಮನಗಾಣಬೇಕು. ಒಂಬತ್ತು ಸಾವಿರ ಜನ ಆಕೆಯ ಓದುಗರಲ್ಲ. ಅವರು ಆ ಕಂಪನಿಯ ಗ್ರಾಹಕರು. 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ಕ್ರಮವನ್ನು ಬದಲಿಸಿ ಬಂಧುಮಿತ್ರರ ಬರಹಗಳಿಗೆ ಆದ್ಯತೆ ಕೊಟ್ಟಾಗ ಎಷ್ಟೋ ಪತ್ರಿಕೆಗಳ, ಲೇಖಕರ ಪುಟಗಳು ತಮ್ಮ ಅನುಯಾಯಿಗಳಿಗೇ ಕಾಣದಾದವು. ಆರ್ಕುಟ್ 2014ರಲ್ಲಿ ಮುಚ್ಚಿತು, ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿತು. ಅಲ್ಲಿ ನೆರೆದಿದ್ದ ಬಳಗಗಳು ಚೆದುರಿದವು. ಪರರ ಅಂಗಳದಲ್ಲಿ ರಾಶಿ ಹಾಕಿದ ರೈತನಿಗೆ ರಾಶಿ ತನ್ನದಾದರೂ ಅಂಗಳದ ಬಾಗಿಲ ಕೀಲಿ ತನ್ನದಲ್ಲ.

ಬಳಿಕ ಮೂವರೂ ಕುಳಿತು ಲೆಕ್ಕ ಹಾಕಿದೆವು. ಉಚಿತವಾಗಿ ತರಿಸಿಕೊಳ್ಳುವ ನೂರು ಜನರಲ್ಲಿ ಐದರಿಂದ ಹತ್ತು ಜನ ಚಂದಾ ಕೊಡಬಹುದೆಂದು ಸಬ್‌ಸ್ಟ್ಯಾಕ್ ಸಂಸ್ಥೆ ಲೇಖಕರಿಗೆ ಹೇಳುತ್ತ ಬಂದಿದೆ. ಅದು ಅಮೆರಿಕದ ಅನುಭವ. ನಮ್ಮಲ್ಲಿ ಅದಕ್ಕಿಂತ ಹೆಚ್ಚು ಬಯಸಲಾಗದು. ಇನ್ನೂರು ವಿಳಾಸಗಳಿಂದ ಹತ್ತು-ಇಪ್ಪತ್ತು ಚಂದಾದಾರರು. ತಿಂಗಳಿಗೆ 50 ರೂಪಾಯಿಯಂತೆ 500ರಿಂದ 1,000 ರೂಪಾಯಿ. ಹುಡುಗಿಯ ಮುಖ ಬಾಡಿತು. ತಿಂಗಳಿಗೆ 20,000 ರೂಪಾಯಿ ಬರಬೇಕಾದರೆ 400 ಚಂದಾದಾರರು ಬೇಕು. ಅಂದರೆ ಕನಿಷ್ಠ ನಾಲ್ಕರಿಂದ ಎಂಟು ಸಾವಿರ ವಿಳಾಸಗಳು. ಅದರಲ್ಲಿಯೂ ಸಂಸ್ಥೆಯ ಪಾಲು, ಹಣ ಪಾವತಿಯ ಶುಲ್ಕ ಕಳೆಯಬೇಕು. ಕಷ್ಟವೇ ಹೌದು, ಆದರೆ ಅಸಾಧ್ಯವಲ್ಲ. ಗಳಗನಾಥರು ನಡೆದು ಹೋದ ಊರುಗಳಿಗೆ ಇಂದು ಆಕೆಯ ಲೇಖನ ಕ್ಷಣಮಾತ್ರದಲ್ಲಿ ಹೋಗಬಲ್ಲದು.

ನಾವು ಆಕೆಗೆ ಹೇಳಿದ್ದು ಇಷ್ಟು. ಕೆಲಸವನ್ನು ಈಗಲೇ ಬಿಡಬೇಡ. ಪ್ರತಿ ಲೇಖನದ ಕೊನೆಯಲ್ಲಿ ಓದುಗರ ವಿಳಾಸವನ್ನು ಕೇಳು. ವಾರದ ಒಂದು ದಿನವನ್ನು ಗೊತ್ತುಮಾಡಿ ಅಂದು ತಪ್ಪದೆ ಕಳುಹಿಸು. ಅರ್ಧವನ್ನು ಎಲ್ಲರಿಗೂ ಉಚಿತವಾಗಿಡು, ಉಳಿದರ್ಧಕ್ಕೆ ಸಂಕೋಚವಿಲ್ಲದೆ ಬೆಲೆ ಕೇಳು. ಒಂದು ವರ್ಷದ ಚಂದಾ ಹಣ ಒಂದು ವರ್ಷದ ಗೌರವಧನಕ್ಕೆ ಸಮನಾಗಿ, ಆರು ತಿಂಗಳ ಖರ್ಚು ಕೈಯಲ್ಲಿ ಉಳಿದ ದಿನ ರಾಜೀನಾಮೆಯ ಮಾತು ಆಡು. ಬಂದ ಹಣಕ್ಕೆ ಲೆಕ್ಕವಿಡು. ಅದಕ್ಕೂ ಆದಾಯ ತೆರಿಗೆಯ ನಿಯಮ ಅನ್ವಯಿಸುತ್ತದೆ.

ಹೊರಡುವಾಗ ತಂದೆ ಕೇಳಿದರು: "ಹಾಗಾದರೆ ನಾನೂ ಹಣ ಕೊಟ್ಟು ಓದಬೇಕೇನು?"

"ಮೊದಲು ನೀವೇ ಕೊಡಬೇಕು. ನಿಮ್ಮ ಅಂಗಡಿಯಲ್ಲಿ ನೆಂಟರಿಗೆಲ್ಲ ಜೋಳವನ್ನು ಪುಕ್ಕಟೆ ಅಳೆದು ಕೊಡುತ್ತೀರಾ?" ಎಂದೆವು. ಅವರು ನಕ್ಕರು, ನಾಲ್ಕು ವರ್ಷಗಳಲ್ಲಿ ಮಗಳ ಒಂದು ಲೇಖನವನ್ನೂ ಪೂರ್ತಿ ಓದಿಲ್ಲವೆಂದು ಒಪ್ಪಿಕೊಂಡರು. ಮಗಳು ಬರೆಯುವುದು ತಮ್ಮ ಅಂಗಡಿಯ ಕಾಳುಗಳ ವಿಷಯವನ್ನೇ ಎಂಬುದು ಅವರಿಗೆ ಅಂದೇ ತಿಳಿದದ್ದು.

ಮನೆಯಲ್ಲಿ ಬರೆಯುವ ಮಕ್ಕಳಿರುವ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ: ಬೇಡವೆನ್ನುವ ಮೊದಲು ಒಮ್ಮೆ ಓದಿರಿ, ಓದಿ ಹಿಡಿಸಿದರೆ ಚಂದಾ ಕೊಡಿರಿ. ಮೂವತ್ತು ವರ್ಷ ಉಚಿತವಾಗಿ ಬರೆದ ನಾವೂ ಆ ಸಂಜೆ ನಮ್ಮ ವಿಳಾಸದೊಂದಿಗೆ 50 ರೂಪಾಯಿ ಕಳುಹಿಸಿದೆವು.