ಹುಲ್ಲಿಗೆ ಬೆಂಕಿ ಇಡುವವರೇ, ನಿಮಗೊಂದು ಮಾತು

ಕಕ್ಕೇರಾ ಸುತ್ತಿನ ರೈತಬಂಧುಗಳೇ, ಸುರಪುರ, ಹುಣಸಗಿ, ಶಹಾಪುರದ ಕಾಲುವೆ ನೀರಿನ ಹೊಲದವರೇ,

ಭತ್ತದ ಕೊಯ್ಲು ಮುಗಿದ ಮೇಲೆ ಹೊತ್ತು ಮುಳುಗುವಾಗ ನಾರಾಯಣಪುರ ಎಡದಂಡೆ ಕಾಲುವೆಯ ಬಯಲಿನಲ್ಲಿ ಏನಾಗುತ್ತದೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮಷಿನ್ ಬಂದು ಕೊಯ್ದು ಹೋಗುತ್ತದೆ. ಕಾಳು ಟ್ರ್ಯಾಕ್ಟರ್ ಏರುತ್ತದೆ. ಹುಲ್ಲು ಹೊಲದ ತುಂಬ ಚೆಲ್ಲಿ ಬಿದ್ದಿರುತ್ತದೆ. ಅದು ಒಣಗಿತು ಎನ್ನುವಷ್ಟರಲ್ಲಿ ಯಾರೋ ಒಬ್ಬರು ಕಡ್ಡಿ ಗೀರುತ್ತಾರೆ. ಹೊಗೆಗೆ ಕಣ್ಣು ಉರಿಯುತ್ತದೆ, ಬೈಕಿನವನಿಗೆ ಎದುರಿನ ಗಾಡಿ ಕಾಣುವುದಿಲ್ಲ, ಹಿತ್ತಲಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಕರಿಬೂದಿ ಬಂದು ಕೂರುತ್ತದೆ. ಇದೆಲ್ಲ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಊರಿಗೆ ಊರೇ ಬಾಯಿ ಮುಚ್ಚಿಕೊಂಡಿದೆ.

ಈ ಮಾತು ನಾನು ಎತ್ತಲು ಕಾರಣವಿದೆ: ನಾನು ಮೊಲ ಸಾಕಿದವನು. ನಗಬೇಡಿ. ಸಂತೆ-ಜಾತ್ರೆಗಳಲ್ಲಿ ಜೋಡಿ ಮೊಲ ಕೊಂಡು ಮಕ್ಕಳ ಕೈಗೆ ಕೊಟ್ಟ ಮನೆಗಳು ನಮ್ಮಲ್ಲಿ ಈಗ ಬಹಳ ಇವೆ. ಮಾರುವವರು ಗಜ್ಜರಿ, ಎಲೆಕೋಸು ಹಾಕಿದರೆ ಸಾಕು ಎಂದು ಕಳಿಸಿಬಿಡುತ್ತಾರೆ. ಮೊಲ ಬದುಕುವುದು ಗಜ್ಜರಿಯಿಂದಲ್ಲ, ಒಣಹುಲ್ಲಿನಿಂದ. ಅದರ ಹಲ್ಲುಗಳು ಸಾಯುವವರೆಗೂ ಬೆಳೆಯುತ್ತಲೇ ಇರುತ್ತವೆ, ಹುಲ್ಲು ಅಗಿದು ಅಗಿದೇ ಸವೆಯಬೇಕು. ಕರುಳು ನಡೆಯುವುದೂ ನಾರಿನಿಂದಲೇ. ಒಂದು ದಿನ ಪೂರ್ತಿ ತಿನ್ನದಿದ್ದರೆ ಕರುಳು ನಿಂತು ಜೀವಕ್ಕೇ ಕುತ್ತು. ಐದು ಪಾಲು ಮೇವಿನಲ್ಲಿ ನಾಲ್ಕು ಪಾಲು ಒಣಹುಲ್ಲೇ ಇರಬೇಕು.

ಆ ಹುಲ್ಲು ಎಲ್ಲಿ ಸಿಗುತ್ತದೆ? ಆನ್‌ಲೈನ್‌ನಲ್ಲಿ ತಿಮೋತಿ ಎಂಬ ಹುಲ್ಲಿನ ಪೊಟ್ಟಣ ಬರುತ್ತದೆ. ಅದು ಯುರೋಪ್, ಅಮೆರಿಕದ ತಂಪು ಸೀಮೆಯ ಬೆಳೆ, ಸಮುದ್ರ ದಾಟಿ ಬರುವಂಥದ್ದು. ಕಿಲೋಗೆ ನೂರಾರು ರೂಪಾಯಿ. ಒಮ್ಮೊಮ್ಮೆ ಪೊಟ್ಟಣ ಒಡೆದರೆ ಹಳದಿ ಕಡ್ಡಿ, ಅಡಿಯಲ್ಲಿ ಧೂಳು. ಕೃಷ್ಣೆಯ ದಂಡೆಯಲ್ಲಿ ಕುಳಿತ ಊರಿನವರು, ಬಸವಸಾಗರ ಜಲಾಶಯದ ನೀರು ಹೊಲದ ಬುಡಕ್ಕೆ ಹರಿದು ಬರುವವರು, ಒಂದು ಹಿಡಿ ಒಣಹುಲ್ಲಿಗೆ ಪರದೇಶದ ಕಡೆ ಕೈ ಚಾಚಬೇಕೆ? ಅದೇ ಹೊತ್ತಿಗೆ ನಮ್ಮ ಕಣ್ಣೆದುರೇ ಟನ್‌ಗಟ್ಟಲೆ ಮೇವು ಉರಿದು ಬೂದಿಯಾಗುತ್ತಿರಬೇಕೆ?

ಭತ್ತದ ಹುಲ್ಲು ಮೊಲಕ್ಕೆ ಉತ್ತಮ ಮೇವಲ್ಲ ಎಂದು ತಿಳಿದವರು ತಕರಾರು ತೆಗೆಯಬಹುದು. ನಿಜ. ಅದರಲ್ಲಿ ಸತ್ವ ಕಡಿಮೆ, ಔಷಧಿ ಹೊಡೆದ ಅಂಶವೂ ಇದ್ದೀತು. ಅದು ದನದ ಮೇವು, ಮೊಲಕ್ಕೆ ಹಾಸಿಗೆಯಾದೀತು ಅಷ್ಟೆ. ಮೊಲಕ್ಕೆ ಬೇಕಾದ್ದು ಬದುವಿನ ಮೇಲಿದೆ. ಗರಿಕೆ ಇದೆ, ಕಾಲುವೆಯ ತೇವಕ್ಕೆ ಮೊಣಕಾಲೆತ್ತರ ಬೆಳೆದ ಮೆತ್ತನೆ ಹುಲ್ಲಿದೆ. ಹೂ ಬಿಡುವ ಮುಂಚೆ ಕೊಯ್ದು, ತಿರುವಿ ಹಾಕಿ ಒಣಗಿಸಿದರೆ ಹಸಿರು ಬಣ್ಣ ಉಳಿಯುತ್ತದೆ, ಮೂಗಿಗೆ ಹಿಡಿದರೆ ಸಿಹಿ ವಾಸನೆ ಬರುತ್ತದೆ. ಯಾವ ತಿಮೋತಿಗೂ ಕಡಿಮೆಯಿಲ್ಲ. ಆದರೆ ಗದ್ದೆಗೆ ಇಟ್ಟ ಬೆಂಕಿ ಗದ್ದೆಯಲ್ಲೇ ನಿಲ್ಲುತ್ತದೆಯೇ? ಬದುವಿಗೆ ಹತ್ತುತ್ತದೆ, ಪಕ್ಕದವನ ಬೇಲಿಗೆ ಹತ್ತುತ್ತದೆ, ಬೇವಿನ ಬುಡ ಸುಡುತ್ತದೆ, ಒಮ್ಮೊಮ್ಮೆ ಬಣವೆಗೂ ನುಗ್ಗುತ್ತದೆ. ದನದ ಮೇವನ್ನೂ ಮೊಲದ ಮೇವನ್ನೂ ಒಂದೇ ಕಡ್ಡಿ ನುಂಗಿಬಿಡುತ್ತದೆ.

ಹುಲ್ಲು ಸುಡುವವರ ನೆವಗಳನ್ನೆಲ್ಲ ಕೇಳಿದ್ದೇನೆ. ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಕೈಗೆಟುಕುವುದಿಲ್ಲ. ಎರಡನೇ ಬೆಳೆಗೆ ನೀರು ಬಿಡುತ್ತಾರೆ, ಸರದಿಯ ಮೇಲೆ ನೀರು ಹರಿಸುವ ವಾರಾಬಂದಿ ಶುರುವಾಗುವುದರೊಳಗೆ ಹೊಲ ಹಸನಾಗಬೇಕು. ಹುಲ್ಲು ಕಟ್ಟುವ ಮಷಿನ್ ಬಾಡಿಗೆಗೆ ಸಿಗುವುದಿಲ್ಲ. ಇವೆಲ್ಲ ಸುಳ್ಳಲ್ಲ. ಆದರೆ ಕೊಯ್ಲಿನ ಮಷಿನ್‌ಗೆ ತಾಸಿನ ಲೆಕ್ಕದಲ್ಲಿ ಬಾಡಿಗೆ ಎಣಿಸುವ ಕೈಗೆ ಹುಲ್ಲಿನ ವಿಷಯ ಬಂದಾಗ ಮಾತ್ರ ಬಡತನ ಬರುತ್ತದೆ ಏಕೆ? ಇನ್ನು ಕೆಲವರು ಇದನ್ನು ಹೊರಗಿನಿಂದ ಬಂದು ನೆಲೆಸಿದ ಕ್ಯಾಂಪಿನವರು ಕಲಿಸಿದ್ದು ಎಂದು ಬೊಟ್ಟು ಮಾಡುತ್ತಾರೆ. ಕಲಿಸಿದವರು ಯಾರೇ ಇರಲಿ, ಇವತ್ತು ಕಡ್ಡಿ ಇರುವುದು ಯಾರ ಕೈಯಲ್ಲಿ? ಕೃಷ್ಣಾ ಮೇಲ್ದಂಡೆ ಯೋಜನೆಯ ನೀರು ಮುಖ್ಯವಾಗಿ ಲಘು ನೀರಾವರಿ ಬೆಳೆಗಳಿಗೆಂದು ಬಂದದ್ದು. ಅದನ್ನು ಭತ್ತಕ್ಕೆ ತಿರುಗಿಸಿದವರು ನಾವೇ. ಜೋಳ ಬಿಟ್ಟೆವು, ಜೋಳದ ಜತೆಗೇ ಮನೆ ಮುಂದಿನ ಕಣಕಿಯ ಬಣವೆಯೂ ಹೋಯಿತು. ಅದರ ಬದಲಿಗೆ ಬಂದ ಭತ್ತದ ಹುಲ್ಲನ್ನಾದರೂ ಉಳಿಸಿಕೊಂಡೆವೇ?

ಹೋಗಲಿ, ನಿಮ್ಮ ಲಾಭದ ಲೆಕ್ಕವನ್ನೇ ನೋಡಿ. ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು 5.5 ಕಿಲೋ ಸಾರಜನಕ, 25 ಕಿಲೋ ಪೊಟ್ಯಾಷ್ ಇರುತ್ತದೆ. ಸುಟ್ಟರೆ ಸಾರಜನಕ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಮೇಲ್ಮಣ್ಣಿನ ಸೂಕ್ಷ್ಮಜೀವಿಗಳೂ ಬೇಯುತ್ತವೆ. ಹೀಗೆ ಹೊಲದ ಗೊಬ್ಬರವನ್ನು ಸುಟ್ಟು, ಆಮೇಲೆ ಯೂರಿಯಾ ಚೀಲಕ್ಕೆ ಸೊಸೈಟಿಯ ಮುಂದೆ ಬೆಳಗಿನ ಜಾವದಿಂದ ಸಾಲು ನಿಲ್ಲುತ್ತೇವೆ. ಬಾಗಿನದ ಸೀರೆಯನ್ನು ಒಲೆಗೆ ಹಾಕಿ ಮೈಮುಚ್ಚಲು ಸಾಲ ಕೇಳಿದ ಹಾಗಾಯಿತು ಇದು.

ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವುದು ನಮ್ಮ ಭಕ್ತಿ. ಎಳ್ಳಮಾವಾಸ್ಯೆಗೆ ಎತ್ತಿನ ಬಂಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಭೂತಾಯಿ ಬಸುರಿ ಎಂದು ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ಇಟ್ಟು ಚರಗ ಚೆಲ್ಲುತ್ತೇವೆ. ಅದೇ ಭೂತಾಯಿಯ ಮೈಮೇಲೆ ಆ ಹಬ್ಬದ ಹಿಂದೆ ಮುಂದೆಯೇ ಬೆಂಕಿ ಹಚ್ಚುತ್ತೇವೆ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಬಳಿಯುತ್ತೇವೆ, ಅದರ ಬಾಯಿಯ ಮೇವನ್ನು ಆರು ತಿಂಗಳ ಹಿಂದೆಯೇ ಸುಟ್ಟಿರುತ್ತೇವೆ. ನಮ್ಮೂರ ಸೋಮನಾಥನ ಜಾತ್ರೆಗೆ ಕೈಮುಗಿದು ಮಳೆ ಬೆಳೆ ಕೇಳಲು ನಮಗೆ ಯಾವ ಮುಖವಿದೆ?

2023ರ ಬರ ಮರೆತು ಹೋಯಿತೇ? ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿದ ವರ್ಷ ಅದು. ಮೇವಿಲ್ಲದೆ ದನಗಳನ್ನು ಸಿಕ್ಕ ಬೆಲೆಗೆ ಸಂತೆಗೆ ಹೊಡೆದವರು ನಮ್ಮ ನೆಂಟರೇ, ಮಳೆ ನಂಬಿದ ಊರುಗಳವರು. ಒಂದೇ ಜಿಲ್ಲೆಯಲ್ಲಿ ಕಾಲುವೆಯ ಈಚೆ ಹುಲ್ಲು ಸುಡುವುದು, ಆಚೆ ಹುಲ್ಲಿಗೆ ಅಳುವುದು. ಪ್ರತಿ ನವೆಂಬರ್‌ನಲ್ಲಿ ದೆಹಲಿಯ ಹೊಗೆಯನ್ನು ಟಿವಿಯಲ್ಲಿ ನೋಡಿ ಪಂಜಾಬಿನವರನ್ನು ಬೈಯುತ್ತೇವೆ. 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅಲ್ಲಿನ ರಾಜ್ಯಗಳಲ್ಲಿ ಹುಲ್ಲು ಸುಡುವುದನ್ನು ನಿಷೇಧಿಸಿ ಆದೇಶ ಹೊರಡಿಸಿತು. ನಮಗೂ ಆದೇಶವೇ ಬರಬೇಕೇ? ನೆಂಟರ ದನ ಹಸಿದಿದೆ ಎಂಬುದು ಸಾಲದೇ?

ಹೊಲದಲ್ಲಿ ನಮ್ಮದೇ ಮೊಲಗಳೂ ಇವೆ, ಕಾಡು ಮೊಲ. ಅದು ಬಿಲ ತೋಡುವುದಿಲ್ಲ. ಹುಲ್ಲಿನ ನಡುವೆ ತಗ್ಗು ಮಾಡಿಕೊಂಡು ಅಲ್ಲೇ ಮರಿ ಹಾಕುತ್ತದೆ. ಅಪಾಯ ಬಂದರೆ ಮರಿ ಓಡುವುದಿಲ್ಲ, ಅಲುಗಾಡದೆ ನೆಲಕ್ಕೆ ಅಂಟಿ ಕೂರುತ್ತದೆ. ಬೆಂಕಿಯ ಎದುರೂ ಹಾಗೆಯೇ ಕೂರುತ್ತದೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಮೊಲ ಬೇಟೆ ಅಪರಾಧ. ಬಲೆ ಹಾಕಿದವನನ್ನು ಹಿಡಿಯುತ್ತಾರೆ, ಬೆಂಕಿ ಹಾಕಿದವನನ್ನು ಯಾರೂ ಕೇಳುವುದಿಲ್ಲ. ಮಗುವಿನ ತೊಡೆಯ ಮೇಲೆ ಮೊಲ ಕೂರಿಸಿ ಫೋಟೊ ತೆಗೆಯುವ ಅಪ್ಪನೇ ಹೊಲದಲ್ಲಿ ಕಡ್ಡಿ ಗೀರುತ್ತಾನೆ.

ನಾನು ಕೇಳುವುದು ಹೆಚ್ಚೇನಿಲ್ಲ. ಮಷಿನ್ ಬರುವ ಮುಂಚೆ ಬದುವಿನ ಹುಲ್ಲು ಕೊಯ್ದು ಒಣಗಿಸಿ, ಅಥವಾ ಬೇಕಾದವರಿಗೆ ಕೊಯ್ಯಲು ಬಿಡಿ. ಕಳೆನಾಶಕ ಹೊಡೆದ ಬದುವಾದರೆ ಅದನ್ನೂ ಬಾಯಿಬಿಟ್ಟು ಹೇಳಿ. ಕೊಯ್ಲಾದ ಮೇಲೆ ಒಂದು ವಾರ ತಡೆದು, ಹುಲ್ಲು ಬೇಕಾದವರು ಒಯ್ಯಿರಿ ಎಂದು ಊರಿಗೆ ತಿಳಿಸಿ. ಪುರಸಭೆಯವರು ತೆರಿಗೆ ಕಟ್ಟಿ ಎಂದು ಆಟೊ ಮೈಕಿನಲ್ಲಿ ಕೂಗಿಸುವಾಗ ಇದನ್ನೂ ಕೂಗಿಸಬಹುದು. ದನ ಕಟ್ಟಿದವರು 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾ ಕರಗಿಸಿದ ನೀರು ಚಿಮುಕಿಸಿ, 21 ದಿನ ಗಾಳಿಯಾಡದಂತೆ ಮುಚ್ಚಿಟ್ಟರೆ ಅದೇ ಹುಲ್ಲಿಗೆ ಸತ್ವ ಬರುತ್ತದೆ. ಆದರೆ ಆ ಯೂರಿಯಾ ಹುಲ್ಲನ್ನು ಮೊಲಕ್ಕೆ ಎಂದೂ ಹಾಕಬೇಡಿ. ಧಾರವಾಡದಲ್ಲಿ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಕೇಂದ್ರವೇ ಇದೆ. ಕೇಳಿದರೆ ಹೇಳಿಕೊಡುವವರಿದ್ದಾರೆ. ವಿದ್ಯೆಗೆ ಬರವಿಲ್ಲ, ಬರ ಬಂದಿರುವುದು ನಮ್ಮ ಮನಸ್ಸಿಗೆ.

ಹುಲ್ಲು ನಿಮ್ಮದು, ಹೊಲ ನಿಮ್ಮದು, ಒಪ್ಪುತ್ತೇನೆ. ಹೊಗೆ ನಿಮ್ಮದೊಬ್ಬರದೇ ಅಲ್ಲ, ಹಸಿವೂ ಅಲ್ಲ. ಬೇಡವಾದ ಹುಲ್ಲನ್ನು ದಾನ ಕೊಡಿ, ಮಾರಿ, ಕೊಳೆಸಿ ಗೊಬ್ಬರ ಮಾಡಿ, ಏನೂ ಆಗದಿದ್ದರೆ ಸುಮ್ಮನೆ ಬಿಟ್ಟುಬಿಡಿ, ದನ ಕುರಿ ಮೇಯ್ದುಕೊಳ್ಳುತ್ತವೆ. ಸುಡಬೇಡಿ. ಪಕ್ಕದ ಹೊಲದವನು ಸುಡಲು ಹೊರಟರೆ ಹೋಗಿ ತಡೆಯಿರಿ. ಅವನು ಜಗಳಕ್ಕೆ ಬಂದರೆ ಬರಲಿ, ಈ ಜಗಳ ನಾವು ಎಂದೋ ಆಡಬೇಕಿತ್ತು.