ಮೂರು ನಿಮಿಷದ ತಾಳ್ಮೆ

ಮಾಗಿಯ ಚಳಿಯ ಮುಂಜಾವಿನಲ್ಲಿ ಅಡುಗೆಮನೆಯ ಹಿತ್ತಾಳೆಯ ಚೊಂಬನ್ನೂ ಪಕ್ಕದಲ್ಲಿರುವ ಮರದ ಮಣೆಯನ್ನೂ ಮುಟ್ಟಿ ನೋಡಿದವರು, ಚೊಂಬೇ ಹೆಚ್ಚು ತಣ್ಣಗಿದೆಯೆಂದು ಆಣೆಯಿಟ್ಟು ಹೇಳಿಯಾರು. ಆದರೆ ರಾತ್ರಿಯೆಲ್ಲ ಒಂದೇ ಕೋಣೆಯಲ್ಲಿದ್ದ ಆ ಎರಡರ ಉಷ್ಣತೆಯೂ ಒಂದೇ. ಹಿತ್ತಾಳೆಯು ಕೈಯ ಶಾಖವನ್ನು ಬೇಗನೆ ಸೆಳೆದುಕೊಳ್ಳುತ್ತದೆ. ಮರವು ನಿಧಾನವಾಗಿ ಸೆಳೆದುಕೊಳ್ಳುತ್ತದೆ. ಕೈಗೆ ತಿಳಿಯುವುದು ಶಾಖ ಹರಿಯುವ ವೇಗವೇ ಹೊರತು ವಸ್ತುವಿನ ಉಷ್ಣತೆಯಲ್ಲ.

ಮಗುವಿನ ಹಣೆಯನ್ನು ಮುಟ್ಟಿ ಜ್ವರವನ್ನು ಅಳೆಯುವ ಕೈಯೂ ಇದೇ ಕೈ. ತಣ್ಣೀರಿನಲ್ಲಿ ಪಾತ್ರೆ ತೊಳೆದು ಬಂದ ತಾಯಿಯ ಕೈಗೆ ಜ್ವರವಿಲ್ಲದ ಹಣೆಯೂ ಬಿಸಿಯೆನಿಸುತ್ತದೆ; ಒಲೆಯ ಮುಂದಿನಿಂದ ಎದ್ದು ಬಂದ ಅಜ್ಜಿಯ ಕೈಗೆ ನಿಜವಾಗಿ ಕಾದ ಹಣೆಯೂ ಸಾಧಾರಣವೆನಿಸಬಹುದು. ಪ್ರೀತಿಯ ಕೈಯಾದರೂ ಸಾಕ್ಷಿಗೆ ಅದು ಸಾಲದು.

ಶಾಖ ಬೇರೆ, ಉಷ್ಣತೆ ಬೇರೆ ಎಂಬುದನ್ನು ಬಿಡಿಸಿ ತೋರಿಸಿದವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. 1760ರ ಸುಮಾರಿನಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಅವನು ಇದನ್ನು ವಿದ್ಯಾರ್ಥಿಗಳಿಗೆ ಬೋಧಿಸುತ್ತಿದ್ದನು. ಎರಡು ನೀರಿನ ತೊಟ್ಟಿಗಳನ್ನು ಬುಡದಲ್ಲಿ ಒಂದು ಕೊಳವೆಯಿಂದ ಜೋಡಿಸಿದರೆ, ಯಾವ ತೊಟ್ಟಿಯಲ್ಲಿ ನೀರು ಹೆಚ್ಚು ಇದೆಯೆಂಬುದು ಮುಖ್ಯವಲ್ಲ. ಯಾವುದರ ಮಟ್ಟ ಎತ್ತರವೋ ಅಲ್ಲಿಂದ ನೀರು ಹರಿಯುತ್ತದೆ, ಮಟ್ಟ ಸಮವಾದೊಡನೆ ನಿಲ್ಲುತ್ತದೆ. ಶಾಖವು ನೀರಿನ ಮೊತ್ತದಂತೆ, ಉಷ್ಣತೆಯು ಮಟ್ಟದಂತೆ. ಬಿಸಿಯಾದ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಹರಿಯುತ್ತಿದ್ದ ಶಾಖ, ಎರಡರ ಉಷ್ಣತೆಯೂ ಒಂದಾದಾಗ ನಿಂತುಬಿಡುತ್ತದೆ. ಈ ನಿಲುಗಡೆಗೆ ಉಷ್ಣ ಸಮತೋಲವೆಂದು ಹೆಸರು.

ಉಷ್ಣಮಾಪಕದ ಗುಟ್ಟೆಲ್ಲ ಇಲ್ಲಿಯೇ ಇದೆ. ಯಾವ ಉಷ್ಣಮಾಪಕವೂ ರೋಗಿಯ ಉಷ್ಣತೆಯನ್ನು ನೇರವಾಗಿ ತಿಳಿಸಲಾರದು. ಅದು ತಿಳಿಸುವುದು ತನ್ನ ಉಷ್ಣತೆಯನ್ನು ಮಾತ್ರ. ಅದರ ಉಷ್ಣತೆಯೂ ನಾಲಗೆಯ ಕೆಳಗಿನ ಉಷ್ಣತೆಯೂ ಸಮವಾದ ಮೇಲೆಯೇ ಅದರ ಮಾತು ರೋಗಿಯ ಮಾತಾಗುತ್ತದೆ. ಒಂದು ನಿಮಿಷಕ್ಕೇ ಅವಸರದಿಂದ ಹೊರಗೆಳೆದರೆ, ಅದು ಇನ್ನೂ ಅರ್ಧ ದಾರಿಯಲ್ಲಿರುವ ತನ್ನ ಕಥೆಯನ್ನೇ ಹೇಳುತ್ತದೆ. 102 ಡಿಗ್ರಿಯ ಜ್ವರ 100ರಂತೆ ತೋರಿ, ವೈದ್ಯರಲ್ಲಿಗೆ ಹೋಗಬೇಕಾದ ರಾತ್ರಿ ಸುಮ್ಮನೆ ಕಳೆದುಹೋಗಬಹುದು.

ಹಾಗಾದರೆ ಎರಡು ಊರುಗಳಲ್ಲಿರುವ ಇಬ್ಬರು ಮಕ್ಕಳ ಜ್ವರವನ್ನು ಹೋಲಿಸುವುದು ಹೇಗೆ? ಒಂದೇ ಪಾವಿನಿಂದ ಎರಡು ಮನೆಗಳ ಅಕ್ಕಿಯನ್ನು ಅಳೆದಂತೆ. ಎರಡು ವಸ್ತುಗಳು ಬೇರೆ ಬೇರೆಯಾಗಿ ಮೂರನೆಯ ಒಂದು ವಸ್ತುವಿನೊಡನೆ ಸಮತೋಲದಲ್ಲಿದ್ದರೆ, ಅವೆರಡೂ ಪರಸ್ಪರ ಸಮತೋಲದಲ್ಲಿರುತ್ತವೆ. ಇಷ್ಟು ಸರಳವಾದುದನ್ನು ನಿಯಮವೆಂದು ಬರೆದಿಡಬೇಕೆಂದು ಬಹುಕಾಲ ಯಾರಿಗೂ ತೋರಿರಲಿಲ್ಲ. ಉಷ್ಣ ವಿಜ್ಞಾನದ ಒಂದನೆಯ, ಎರಡನೆಯ ನಿಯಮಗಳು ನೆಲೆಗೊಂಡ ಎಷ್ಟೋ ವರ್ಷಗಳ ಮೇಲೆ, 1930ರ ದಶಕದಲ್ಲಿ, ಕೇಂಬ್ರಿಜ್ಜಿನ ರಾಲ್ಫ್ ಫೌಲರ್ ಇದರ ಮಹತ್ವವನ್ನು ಎತ್ತಿ ತೋರಿಸಿದನು. ಅವೆರಡಕ್ಕೂ ಮೊದಲು ಇರಬೇಕಾದುದರಿಂದ ಇದು ಶೂನ್ಯ ನಿಯಮವೆನಿಸಿತು. ಮೊದಲು ಹುಟ್ಟಿದವರು ಕುಳಿತ ಪಂಕ್ತಿಯಲ್ಲಿ ತಡವಾಗಿ ಬಂದ ಹಿರಿಯನಿಗೆ ಹೀಗೆ ಮುಂದಿನ ಎಲೆ ದೊರೆಯಿತು!

ಪಾವಿಗೆ ಗುರುತುಗಳೂ ಬೇಕು. ಫ್ಯಾರನ್‌ಹೀಟ್ 1724ರಲ್ಲಿ ತನ್ನ ಮಾನವನ್ನು ಪ್ರಕಟಿಸಿದನು. ಸ್ವೀಡನ್ನಿನ ಸೆಲ್ಸಿಯಸ್ 1742ರಲ್ಲಿ ನೀರು ಕುದಿಯುವ ಬಿಂದುವಿಗೂ ಹೆಪ್ಪುಗಟ್ಟುವ ಬಿಂದುವಿಗೂ ನಡುವೆ ನೂರು ಭಾಗ ಮಾಡಿದನು. ಆದರೆ ಕುದಿಯುವುದಕ್ಕೆ 0, ಹೆಪ್ಪುಗಟ್ಟುವುದಕ್ಕೆ 100 ಎಂದು ಅವನ ಎಣಿಕೆ. ಅದು ಈಗಿನಂತೆ ತಿರುವುಮುರುವಾದುದು ಬಳಿಕ.

ಈ ಸಾಧನವನ್ನು ರೋಗಿಯ ಹಾಸಿಗೆಯ ಬಳಿಗೆ ತಂದವರಲ್ಲಿ ಜರ್ಮನಿಯ ವೈದ್ಯ ವುಂಡರ್‌ಲಿಖ್ ಪ್ರಮುಖನು. ಲೈಪ್‌ಜಿಗ್ ನಗರದಲ್ಲಿ ಸುಮಾರು 25,000 ರೋಗಿಗಳ ಉಷ್ಣತೆಯನ್ನು ಪರೀಕ್ಷಿಸಿ, 1868ರಲ್ಲಿ ಅವನು ಗ್ರಂಥವನ್ನು ಪ್ರಕಟಿಸಿದನು. ಆರೋಗ್ಯವಂತರ ಉಷ್ಣತೆ 37 ಡಿಗ್ರಿ ಸೆಲ್ಸಿಯಸ್, ಎಂದರೆ 98.6 ಡಿಗ್ರಿ ಫ್ಯಾರನ್‌ಹೀಟ್, ಎಂಬ ಮಾತು ಮನೆಮಾತಾದುದು ಅವನಿಂದ. ಆಗಿನ ಉಷ್ಣಮಾಪಕ ಸುಮಾರು ಒಂದು ಅಡಿ ಉದ್ದವಿತ್ತು. ಸಮತೋಲಕ್ಕೆ ಬರಲು 20 ನಿಮಿಷ ಹಿಡಿಯುತ್ತಿತ್ತು. ಇಂಗ್ಲೆಂಡಿನ ವೈದ್ಯ ಆಲ್‌ಬಟ್ 1866ರ ಹೊತ್ತಿಗೆ ಆರು ಅಂಗುಲದ್ದನ್ನು ಮಾಡಿಸಿದನು. ಅದಕ್ಕೆ ಐದು ನಿಮಿಷ ಸಾಕಾಯಿತು. ಬುರುಡೆ ಚಿಕ್ಕದಾದಷ್ಟೂ ಅದು ಕುಡಿಯುವ ಶಾಖ ಕಡಿಮೆ, ತುಂಬಿಕೊಳ್ಳುವ ಹೊತ್ತೂ ಕಡಿಮೆ.

ಪಾದರಸವು ವಿಷ. ಆದುದರಿಂದ 2013ರ ಮಿನಮಾಟ ಒಪ್ಪಂದವು 2020ರ ಬಳಿಕ ಪಾದರಸದ ಜ್ವರಮಾಪಕಗಳ ತಯಾರಿಕೆಯನ್ನು ನಿಲ್ಲಿಸುವ ಗುರಿಯನ್ನಿಟ್ಟಿತು. ಈಗ ಮನೆಗಳಿಗೆ ಬಂದಿರುವುದು ಪೀಂ ಎಂದು ಕೂಗುವ ಡಿಜಿಟಲ್ ಜ್ವರಮಾಪಕ. ಯಂತ್ರ ಬದಲಾದರೂ ನಿಯಮ ಬದಲಾಗಿಲ್ಲ. ಕೂಗುವ ಮೊದಲೇ ಅದನ್ನು ತೆಗೆಯಬಾರದು. 2020ರ ಕೊರೋನಾ ಕಾಲದಲ್ಲಿ ಬಾಗಿಲು ಬಾಗಿಲಿನಲ್ಲೂ ಹಣೆಗೆ ಹಿಡಿದ ಪಿಸ್ತೂಲಿನಂಥ ಸಾಧನವಾದರೋ ಮೈಯನ್ನು ಮುಟ್ಟುವುದೇ ಇಲ್ಲ. ಚರ್ಮ ಹೊರಸೂಸುವ ಕಿರಣಗಳಿಂದ ಉಷ್ಣತೆಯನ್ನು ಲೆಕ್ಕ ಹಾಕುತ್ತದೆ. ಬಿಸಿಲಿನಿಂದ ಬಂದವನ ಹಣೆ ಅದಕ್ಕೆ ಜ್ವರದಂತೆ ಕಾಣಬಹುದು. ತಂಪುಕೋಣೆಯಿಂದ ಬಂದವನ ಜ್ವರ ಅದರ ಕಣ್ಣು ತಪ್ಪಿಸಬಹುದು.

ಆದುದರಿಂದ ಗೃಹಿಣಿಯರು ನೆನಪಿಡಬೇಕಾದುದು ಇಷ್ಟೆ. ಬಿಸಿ ಕಾಫಿಯನ್ನೋ ತಣ್ಣೀರನ್ನೋ ಕುಡಿದ ಬಾಯಿಗೆ ಅರ್ಧ ಗಂಟೆ ವಿರಾಮವಿರಲಿ. ಹಳೆಯ ಗಾಜಿನ ಕಡ್ಡಿಯನ್ನು ಇನ್ನೂ ಬಳಸುತ್ತಿದ್ದರೆ, ಮೊದಲು ಕೊಡವಿ ಪಾದರಸವನ್ನು ಇಳಿಸಿ, ನಾಲಗೆಯ ಕೆಳಗೆ ಮೂರು ನಿಮಿಷ ಇಡಬೇಕು, ತುಟಿ ಮುಚ್ಚಿರಬೇಕು. ಕಂಕುಳಲ್ಲಾದರೆ ಐದು ನಿಮಿಷವಾದರೂ ಬೇಕು. ಸಣ್ಣ ಮಕ್ಕಳಿಗೆ ಕಂಕುಳೇ ಕ್ಷೇಮ. ಪ್ರಕೃತಿಯು ತನ್ನ ಲೆಕ್ಕವನ್ನು ಸರಿದೂಗಿಸಲು ಕೇಳುವ ಕಾಲ ಅಷ್ಟೇ. ಅದನ್ನು ಕೊಟ್ಟವರಿಗೆ ಅದು ಸುಳ್ಳು ಹೇಳುವುದಿಲ್ಲ.